ಬೆಂಗಳೂರಿಗೆ ಬರೋ ನಮ್ಮ ಕಡೆ ಮಂದಿಗೆ ಊಟದ ಮಾತು

ಜ್ವಾಳದ ರೊಟ್ಟಿ ತಿಂದು ಬೆಳದವರಿಗೆ ಬೆಂಗಳೂರಿನ್ಯಾಗ ಮೊದಲು ತ್ರಾಸ ಕೊಡೋದು ಸಾಂಬಾರು. ಭಾಳ ಕಡೆ ಬೆಲ್ಲ ಬಿದ್ದಿರ್ತದ. ಇಡ್ಲಿ ಮ್ಯಾಲ ಸುರಿಯೋಕಿಂತ ಮೊದಲ ‘ಬ್ಯಾರೆ ಕೊಡ್ರಿ’ ಅನ್ರಿ.

ದರ್ಶಿನಿ ಅಂದ್ರ ನಿಂತ ತಿನ್ನೋ ಸಣ್ಣ ಹೋಟೆಲು, ಅಲ್ಲಿ ಮಾಣಿ ಬರ್ತಾನಂತ ಕಾಯಬ್ಯಾಡ್ರಿ. ಮೊದಲು ರೊಕ್ಕ ಕೊಟ್ಟು ಚೀಟಿ ತಗೊಳ್ರಿ, ಕೌಂಟರಿಗೆ ಹೋಗಿ ತೋರಸ್ರಿ, ನಿಂತ ತಿನ್ರಿ. ಇಬ್ಬರಿದ್ರ ಕಾಫಿ ಬೈ ಟೂ ಹೇಳ್ರಿ. ಒಂದನ್ನ ಎರಡು ಲೋಟಕ್ಕ ಹಂಚಿ ಕೊಡ್ತಾರ.

ಇನ್ನ ರಾಗಿ ಮುದ್ದಿ. ಇದನ್ನ ಜಗಿಯೋ ಹಂಗಿಲ್ಲ, ಹಲ್ಲಿಗೆ ಅಂಟತದ. ಬಿಸಿ ಇದ್ದಾಗನ ಬೆರಳು ಸಾರಿನ್ಯಾಗ ಅದ್ದಿ, ಸಣ್ಣ ತುತ್ತು ಮುರಿದು, ದುಂಡಗ ಮಾಡಿ, ಸಾರಿನ್ಯಾಗ ಹೊರಳಿಸಿ ಸೀದಾ ನುಂಗ್ರಿ. ಬಸ್ಸಾರು, ಉಪ್ಸಾರು ಎರಡೂ ನಡೀತಾವ. ಆದ್ರ ಡಿಸೆಂಬರ್–ಜನವರಿಯೊಳಗ ಅವರೆಕಾಯಿ ಬಂದಾಗ ಹಿತಕಿದ ಬ್ಯಾಳಿ ಸಾರು ಸಿಕ್ರ ಬಿಡಬ್ಯಾಡ್ರಿ. ಅವತ್ತು ನನಗಂತೂ ರೊಟ್ಟಿ ನೆನಪಾಗೂದಿಲ್ಲ. (ಅವ್ವಗ ಹೇಳಬ್ಯಾಡ್ರಿ.)

ರೊಟ್ಟಿ ಬೇಕ ಬೇಕಂದ್ರ ಗಾಂಧಿನಗರದ ಕಡೆ ಖಾನಾವಳಿ ಅದಾವ. ಶೇಂಗಾ ಹಿಂಡಿ ಮಾತ್ರ ಊರಿಂದ ಡಬ್ಬಿ ತುಂಬಿಸಿಕೊಂಡ ಬರ್ರಿ.

ಕಡೀಕ ಊಟದ ಹೊರಗಿನ ಒಂದ ಮಾತು: ಬಿಎಂಟಿಸಿ ಬಸ್ಸಿನ್ಯಾಗ ಮುಂದಿನ ಸೀಟು ಹೆಣ್ಣಮಕ್ಕಳವು. ಗಂಡಸರು ಹಿಂದ ಹೋಗ್ರಿ, ಚಿಲ್ಲರೆ ಕೈಯಾಗ ಇರಲಿ.