ನೀರು ನುಗ್ಗಿದ್ದು ಎಲ್ಲಿಂದ? ಮೈದಾನಕ್ಕೆ ಕ್ಯಾಮೆರಾ ಆರಿಸಿಕೊಂಡ ನನ್ನ ಅನುಭವ

ಫುಟ್‌ಬಾಲ್ ಪಂದ್ಯದ ದ್ವಿತೀಯಾರ್ಧ ಶುರುವಾಗಿ ಹತ್ತು ನಿಮಿಷ ಆಗಿರಬೇಕು, ಮಳೆ ಬಂತು. ಆಟ ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. ಕ್ಯಾಮೆರಾದ ಡಬ್ಬದ ಮೇಲೆ 'ವೆದರ್ ಸೀಲ್ಡ್', ಅಂದರೆ ಮಳೆ ಧೂಳು ಒಳಗೆ ಹೋಗದ ಹಾಗೆ ಸಂದು ಮುಚ್ಚಿದ್ದು ಅಂತ ಬರೆದಿತ್ತಲ್ಲ, ಆ ಧೈರ್ಯ. ಕಾಲು ಗಂಟೆಯಲ್ಲಿ ಪರದೆ ಮಿಣುಕತೊಡಗಿತು. ಲೆನ್ಸ್ ಜೊತೆ ಸಂಪರ್ಕ ಇಲ್ಲ ಅಂತ ಸಂದೇಶ ಬಂತು. ಆಮೇಲೆ ಗುಂಡಿ ಎಷ್ಟು ಒತ್ತಿದರೂ ಸದ್ದೇ ಇಲ್ಲ. ಗೆಲುವಿನ ಗೋಲು ಬಿದ್ದಾಗ ನಾನು ಅಂಗಿಯ ತುದಿಯಿಂದ ಕ್ಯಾಮೆರಾ ಒರೆಸುತ್ತಾ ಕೂತಿದ್ದೆ.

ರಿಪೇರಿಯವರು ಬಿಚ್ಚಿ ತೋರಿಸಿದಾಗ ವಿಷಯ ಗೊತ್ತಾಯಿತು. ಬಾಡಿಯ ಕವಚ, ಗುಂಡಿಗಳು ಎಲ್ಲಾ ಚೆನ್ನಾಗಿಯೇ ಇದ್ದವು. ನೀರು ಹೋಗಿದ್ದು ಲೆನ್ಸ್ ಮತ್ತು ಬಾಡಿ ಸೇರುವ ಜಾಗದಿಂದ. ಲೆನ್ಸಿನ ಹಿಂಬದಿಯ ಲೋಹದ ಬಳೆಯ ಸುತ್ತ ತೆಳ್ಳಗಿನ ರಬ್ಬರ್ ಪಟ್ಟಿ ಇರಬೇಕು. ನನ್ನ ಲೆನ್ಸಿಗೆ ಅದು ಇರಲೇ ಇಲ್ಲ. ಬಾಗಿಲು ಗಟ್ಟಿ, ಹೊಸ್ತಿಲಲ್ಲಿ ಸಂದು ಅನ್ನೋ ಹಾಗೆ!

ಅಲ್ಲಿಯವರೆಗೆ ಗಟ್ಟಿ ಕ್ಯಾಮೆರಾ ಅಂದರೆ ನನಗೆ ಮೆಗ್ನೀಸಿಯಂ ಮಿಶ್ರಲೋಹದ ಬಾಡಿ, ಕೈಯಲ್ಲಿ ಹಿಡಿದರೆ ಭಾರ, ಅಷ್ಟೇ. ಆದರೆ ಕ್ಯಾಮೆರಾ ಕೆಳಗೆ ಬೀಳೋದು ವರ್ಷಕ್ಕೊಮ್ಮೆ ಇರಬಹುದು. ಧೂಳು, ಬೆವರು, ಹನಿ ಮಳೆ ಪ್ರತಿ ಪಂದ್ಯದಲ್ಲೂ ಇರುತ್ತವೆ. ಹಾಗಾಗಿ ಈಗ ನಾನು ನೋಡೋದು ಸಂದುಗಳನ್ನು. ಲೆನ್ಸ್ ಕೂರುವ ಜಾಗ, ಕಾರ್ಡ್ ಬಾಗಿಲು, ಬ್ಯಾಟರಿ ಬಾಗಿಲು, ಕೇಬಲ್ ತೂತುಗಳ ರಬ್ಬರ್ ಮುಚ್ಚಳ, ಫ್ಲ್ಯಾಶ್ ಸಿಕ್ಕಿಸುವ ಜಾಗ, ಜೂಮ್ ಬಳೆ.

'ವೆದರ್ ಸೀಲ್ಡ್' ಅನ್ನೋ ಮಾತಿಗೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಪರೀಕ್ಷೆಗೆ ಒಳಪಟ್ಟಿದ್ದಾದರೆ ಐಪಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಓಎಂ ಸಿಸ್ಟಮ್ ಕಂಪನಿಯ 2022ರ ಓಎಂ-1 ಕ್ಯಾಮೆರಾಗೆ ಐಪಿ53 ಇದೆ. ಅದರಲ್ಲಿ 5 ಧೂಳಿನ ಲೆಕ್ಕ, 3 ಎರಚುವ ನೀರಿನ ಲೆಕ್ಕ. ಅದಕ್ಕೂ ಸೀಲ್ ಇರುವ ಲೆನ್ಸೇ ಜೊತೆಗಿರಬೇಕು. ಬಹಳಷ್ಟು ಕ್ಯಾಮೆರಾಗಳಿಗೆ ಈ ಸಂಖ್ಯೆಯೇ ಇಲ್ಲ.

ಸರಿ, ಹೊಸದಾಗಿ ಕೊಳ್ಳುವಾಗ ಬಾಡಿಯ ಬದಲು ಲೆನ್ಸಿನಿಂದ ಶುರು ಮಾಡಿದೆ. ಯಾವ ಲೆನ್ಸ್ ಬೇಕು ಅಂತ ಯಾರನ್ನೂ ಕೇಳಲಿಲ್ಲ, ನನ್ನ ಹಳೇ ಫೋಟೊಗಳನ್ನೇ ಕೇಳಿದೆ. ಪ್ರತಿ ಫೋಟೊ ಒಳಗೂ ಯಾವ ದೂರಕ್ಕೆ ಜೂಮ್ ಮಾಡಿದ್ದೆ, ಶಟರ್ ವೇಗ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು) ಎಷ್ಟಿತ್ತು ಅನ್ನೋದು ದಾಖಲಾಗಿರುತ್ತದೆ. ಎರಡು ವರ್ಷದಲ್ಲಿ ಬೇರೆಯವರಿಗೆ ಕೊಡುವಷ್ಟು ಚೆನ್ನಾಗಿ ಬಂದ ಫೋಟೊಗಳನ್ನು ಮಾತ್ರ ಬೇರೆ ಮಾಡಿ ನೋಡಿದೆ. ಹೆಚ್ಚಿನವು 100ರಿಂದ 300 ಎಂಎಂ ಒಳಗೇ ಇದ್ದವು (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). 500, 600ರ ಆಸೆ ಅಲ್ಲಿಗೇ ಬಿಟ್ಟುಹೋಯಿತು.

ಮೊದಲು ತಗೊಂಡಿದ್ದು 70-200 ಎಂಎಂ ಜೂಮ್, ಎಫ್/2.8 (ಎಫ್ ಪಕ್ಕದ ಸಂಖ್ಯೆ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ), ನಿಕಾನ್‌ನ 2016ರ ಮಾದರಿ. ತೂಕ 1430 ಗ್ರಾಂ. ಜೂಮ್ ಮಾಡಿದರೂ ಇದರ ಉದ್ದ ಬದಲಾಗೋದಿಲ್ಲ, ಒಳಗಿನ ಗಾಜುಗಳಷ್ಟೇ ಜರುಗುತ್ತವೆ. ಮೂತಿ ಮುಂದಕ್ಕೆ ಚಾಚುವ ಜೂಮ್‌ಗಳು ಕಮ್ಮಾರನ ತಿದಿಯಂತೆ. ಚಾಚಿದಾಗ ಗಾಳಿ ಎಳೆದುಕೊಳ್ಳುತ್ತವೆ, ಮಡಚಿದಾಗ ಬಿಡುತ್ತವೆ. ಗಾಳಿಯ ಜೊತೆ ಧೂಳೂ ಬರುತ್ತದೆ. ಮಳೆಯಲ್ಲಿ ಒದ್ದೆಯಾದ ಕೊಳವೆಯನ್ನು ಒಳಗೆಳೆದರೆ ನೀರನ್ನು ನಾವೇ ಕರೆದುಕೊಂಡು ಹೋದಂತೆ. ಚಾಚುವುದೆಲ್ಲ ಕೆಟ್ಟದ್ದು ಅಂತಲ್ಲ. ಕ್ಯಾನನ್‌ನ 2019ರ ಆರ್‌ಎಫ್ 70-200 ಎಫ್/2.8 ಚಾಚುತ್ತದೆ, ಆದರೂ ಸೀಲ್ ಇರುವ ಲೆನ್ಸೇ. 2024ರಲ್ಲಿ ಬಂದ ಅದರ ಝಡ್ ಮಾದರಿಯಲ್ಲಿ ಜೂಮ್ ಒಳಗೇ ಆಗುತ್ತದೆ. ಎರಡರಲ್ಲಿ ಒಂದು ಕೊಟ್ಟರೆ ನಾನು ಕಣ್ಣುಮುಚ್ಚಿ ಎರಡನೆಯದನ್ನು ಎತ್ತಿಕೊಳ್ಳುತ್ತೇನೆ, ಬ್ಯಾಗಿನಲ್ಲಿ ಜಾಗ ಜಾಸ್ತಿ ಹಿಡಿದರೂ ಚಿಂತೆಯಿಲ್ಲ.

ಎಫ್/2.8 ಯಾಕೆ ಅಂದರೆ ಸಂಜೆ. ಓಡುವ ಕಾಲು ನಿಲ್ಲಬೇಕಾದರೆ ನನಗೆ 1/1000 ಸೆಕೆಂಡ್ ಬೇಕೇ ಬೇಕು. ಎಫ್/2.8 ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 1600 ಸಾಕಾಗುವ ಬೆಳಕಿಗೆ ಎಫ್/5.6 ಲೆನ್ಸ್ 6400 ಕೇಳುತ್ತದೆ. ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದಲ್ವಾ!

ಎರಡನೆಯದು 300 ಎಂಎಂ ಎಫ್/4, ನಿಕಾನ್‌ನದೇ 2015ರ ಪಿಎಫ್ ಮಾದರಿ (ಲೆನ್ಸನ್ನು ಹಗುರ ಮಾಡುವ ವಿಶೇಷ ಗಾಜು ಇರುವಂಥದ್ದು). 755 ಗ್ರಾಂ ಅಷ್ಟೇ. ಜೂಮ್ ಬಳೆಯೇ ಇಲ್ಲ, ಹಿಂದೆ ರಬ್ಬರ್ ಪಟ್ಟಿ ಇದೆ. ದೂರದ ಗೋಲಿನ ಫೋಟೊ ಬೇಕಾದರೆ ಲೆನ್ಸ್ ಮತ್ತು ಬಾಡಿಯ ನಡುವೆ 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ ಹಾಕಿ 420 ಎಂಎಂ ಎಫ್/5.6 ಮಾಡಿಕೊಳ್ಳುತ್ತೇನೆ. ಬೆಟ್ಟದ ಸೈಕಲ್ ರೇಸಿಗೆ ಹತ್ತಿಕೊಂಡು ಹೋಗುವಾಗ ಈ ತೂಕದ ಬೆಲೆ ಗೊತ್ತಾಗುತ್ತದೆ.

ಬಾಡಿ ಮಾತ್ರ ಸೆಕೆಂಡ್ ಹ್ಯಾಂಡ್. ನಿಕಾನ್ ಡಿ500, 2016ರದು. ಸೆಕೆಂಡಿಗೆ 10 ಫ್ರೇಮ್, 153 ಫೋಕಸ್ ಬಿಂದು, ವೇಗದ ಎಕ್ಸ್‌ಕ್ಯೂಡಿ ಕಾರ್ಡ್ ಇದ್ದರೆ ಒಂದೇ ಉಸಿರಿಗೆ 200 ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೊ). ತಲೆಯ ಮೇಲೆ ಪುಟಿದೇಳುವ ಫ್ಲ್ಯಾಶ್ ಇಲ್ಲ, ಒಂದು ಸಂದು ಕಡಿಮೆ. ಶಟರನ್ನು 2 ಲಕ್ಷ ಸಲ ಪರೀಕ್ಷಿಸಿದ್ದು. ನಾನು ಪಂದ್ಯಕ್ಕೆ ಸುಮಾರು 1500 ಫ್ರೇಮ್ ಹೊಡೆಯುತ್ತೇನೆ. ಅಂದರೆ ಹೊಸ ಶಟರ್ ಆದರೆ 130 ಪಂದ್ಯ. ಅದು ದಾಟಿದ ಮರುದಿನ ಕ್ಯಾಮೆರಾ ಸಾಯುತ್ತದೆ ಅಂತಲ್ಲ, ಶಟರ್ ಬದಲಾಯಿಸಲೂಬಹುದು. ಆದರೆ ಹಳೆಯದನ್ನು ಕೊಳ್ಳುವಾಗ ಎಷ್ಟು ಸವೆದಿದೆ ಅಂತ ಗೊತ್ತಿರಬೇಕು. ನಾನು ಅಲ್ಲೇ ಒಂದು ಫೋಟೊ ಹೊಡೆದು, ಅದರೊಳಗಿನ ದಾಖಲೆಯಲ್ಲಿ ಶಟರ್ ಎಣಿಕೆ ನೋಡಿದೆ. ಆಮೇಲೆ ರಬ್ಬರ್ ಮುಚ್ಚಳಗಳನ್ನು ಎಳೆದು ನೋಡಿದೆ. ಲೆನ್ಸ್ ಕೂರುವ ಬಳೆಯ ಸ್ಕ್ರೂ ತಲೆಗಳಲ್ಲಿ ಗೀರು ಇದೆಯಾ ಅಂತ ಹುಡುಕಿದೆ. ಇದ್ದರೆ ಯಾರೋ ಬಿಚ್ಚಿದ್ದಾರೆ ಅಂತ. ಲೆನ್ಸುಗಳಾದರೆ ಜೂಮ್ ಬಳೆಯನ್ನು ಕಿವಿ ಹತ್ತಿರ ತಿರುಗಿಸಬೇಕು. ಮರಳು ಇದ್ದರೆ ಕರಕರ ಅನ್ನುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗೆ ಬೂಷ್ಟು ಹಿಡಿದಿದ್ದು ಜೇಡರ ಬಲೆಯ ಹಾಗೆ ಕಾಣುತ್ತದೆ. ಹಾಗೆ ಕಂಡ ಒಂದು ಲೆನ್ಸನ್ನು ಮಾತಾಡದೆ ವಾಪಸ್ ಇಟ್ಟು ಬಂದಿದ್ದೇನೆ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಯಾಕೆ ಬೇಡ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಬೇಡ ಅಂದವರು ಯಾರು? 2021ರ ನಿಕಾನ್ ಝಡ್9 ರಲ್ಲಿ ಯಾಂತ್ರಿಕ ಶಟರೇ ಇಲ್ಲ, ಸವೆಯೋಕೆ ಅಲ್ಲೇನೂ ಉಳಿದಿಲ್ಲ. ಆದರೆ ನನ್ನ ಜೇಬಿಗೆ ಹೊಂದುವ ಮಿರರ್‌ಲೆಸ್‌ಗಳಲ್ಲಿ ಸದ್ದಿಲ್ಲದ ಶಟರ್ ಹಾಕಿದರೆ ಸೆನ್ಸರ್ ಸಾಲು ಸಾಲಾಗಿ ನಿಧಾನಕ್ಕೆ ಓದುತ್ತದೆ. ಅಷ್ಟರಲ್ಲಿ ಆಟ ಮುಂದೆ ಸರಿದಿರುತ್ತದೆ, ಫೋಟೊದಲ್ಲಿ ಬ್ಯಾಟ್ ಬಾಗುತ್ತದೆ, ಚೆಂಡು ಮೊಟ್ಟೆಯಾಗುತ್ತದೆ. ಇದಕ್ಕೆ ಪೂರ್ತಿ ಪರಿಹಾರ ಸೋನಿ ಎ9 III ತರಹ ಎಲ್ಲಾ ಸಾಲುಗಳನ್ನೂ ಒಟ್ಟಿಗೇ ಸೆರೆಹಿಡಿಯುವ ಗ್ಲೋಬಲ್ ಶಟರ್. ಅದು ನನ್ನ ಜೇಬಿಗೆ ದೂರ.

ಸೀಲ್ ಇದೆ ಅಂತ ಈಗಲೂ ಸುಮ್ನೆ ನೆನೆಸುವುದಿಲ್ಲ. ಮೋಡ ಕಂಡರೆ ಮಳೆ ಕವರ್ ಹಾಕುತ್ತೇನೆ. ಮೈದಾನದಲ್ಲಿ ಲೆನ್ಸ್ ಬದಲಾಯಿಸೋದನ್ನೇ ಬಿಟ್ಟಿದ್ದೇನೆ. ಹಳೆಯ ಇನ್ನೊಂದು ಬಾಡಿಗೆ 70-200 ಕೂರಿಸಿ ಎರಡನ್ನೂ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಭಾರದ ಲೆನ್ಸ್ ಇದ್ದಾಗ ಬಾಡಿ ಹಿಡಿದು ಎತ್ತುವುದಿಲ್ಲ, ಲೆನ್ಸಿನ ಕೆಳಗೆ ಟ್ರೈಪಾಡಿಗೆ ಕೂರಿಸಲು ಇರುವ ಕಾಲು ಹಿಡಿಯುತ್ತೇನೆ. ಇಲ್ಲದಿದ್ದರೆ ಪೂರಾ ತೂಕ ಆ ಸಂದಿನ ಮೇಲೇ ಬೀಳುತ್ತದೆ. ಧೂಳು ಕೂತರೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ನೇರ ಬಟ್ಟೆ ಹಾಕಿದರೆ ಮರಳಿನಿಂದ ಗಾಜು ಉಜ್ಜಿದಂತೆ. ಕಡಲ ತೀರದ ವಾಲಿಬಾಲ್ ಮುಗಿಸಿ ಬಂದರೆ ಅದೇ ದಿನ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಲೇಬೇಕು, ಉಪ್ಪು ಮರುದಿನಕ್ಕೆ ಕಾಯೋದಿಲ್ಲ. ಏಸಿ ಕಾರಿನಿಂದ ಸೆಕೆಗೆ ಇಳಿದಾಗ ಬ್ಯಾಗ್ ಅರ್ಧ ಗಂಟೆ ತೆರೆಯುವುದಿಲ್ಲ, ತಣ್ಣಗಿನ ಗಾಜಿನ ಮೇಲೆ ಹನಿ ಕೂರುತ್ತದೆ. ಮನೆಯಲ್ಲಿ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ. ಅದು ಶೇಕಡಾ 40-50ರ ನಡುವೆ ಇದ್ದರೆ ನನಗೆ ನಿದ್ದೆ.

ಇನ್ನೊಂದು ಸಂಗತಿ. ಒಮ್ಮೆ ಮಧ್ಯಾಹ್ನದ ಓಟದ ಸ್ಪರ್ಧೆಯ ಅಷ್ಟೂ ಫೋಟೊ ಮಸುಕಾಗಿದ್ದವು. ಲೆನ್ಸ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ದೆ. ಅವರು ನಕ್ಕರು. ಕಾದ ಟ್ರ್ಯಾಕಿನ ಮೇಲೆ ಗಾಳಿ ಕುದಿಯುತ್ತಿತ್ತು. 300 ಎಂಎಂ ಲೆನ್ಸಿನಲ್ಲಿ ದೂರದಿಂದ ನೋಡಿದರೆ ಓಟಗಾರರು ನೀರಲ್ಲಿ ಇದ್ದಂತೆ ಅಲುಗುತ್ತಾರೆ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ. ಹತ್ತಿರ ಹೋಗಬೇಕು, ಇಲ್ಲವೇ ಬಿಸಿಲು ಇಳಿಯಲಿ ಅಂತ ಕಾಯಬೇಕು.

ಸದ್ಯ ಆ ಹಳೆಯ ಎರಡನೇ ಬಾಡಿಯ ಎಡಬದಿಯ ರಬ್ಬರ್ ಮುಚ್ಚಳ ಸಡಿಲವಾಗಿದೆ. ಟೇಪ್ ಅಂಟಿಸಿದ್ದೇನೆ. ಭಾನುವಾರ ಪಂದ್ಯ ಇದೆ, ಅಷ್ಟರೊಳಗೆ ಹೊಸ ಮುಚ್ಚಳ ಹಾಕಿಸಬೇಕು.