ಅಂಕಿಅಂಶದ ಟೂಲ್‌ಗೆ ವಿವರಣೆ ಬರೆಯುವಾಗ ಏನೇನು ಹೇಳಲೇಬೇಕು

2023-24ರಲ್ಲಿ ಭಾರತದ ನಿರುದ್ಯೋಗ ದರ ಎಷ್ಟು? ಉದ್ಯೋಗ-ನಿರುದ್ಯೋಗ ಅಳೆಯುವ ಸರ್ಕಾರಿ ಸಮೀಕ್ಷೆ ಪಿಎಲ್‌ಎಫ್‌ಎಸ್ ಒಂದರಲ್ಲೇ ಇದಕ್ಕೆ ಎರಡು ಉತ್ತರಗಳಿವೆ. 15 ವರ್ಷ ಮೇಲ್ಪಟ್ಟವರಲ್ಲಿ, 'ಸಾಮಾನ್ಯ ಸ್ಥಿತಿ'ಯ ಲೆಕ್ಕದಲ್ಲಿ ಶೇ 3.2, 'ಚಾಲ್ತಿ ವಾರದ ಸ್ಥಿತಿ'ಯ ಲೆಕ್ಕದಲ್ಲಿ ಶೇ 4.9. ಮೊದಲನೆಯದು ಹಿಂದಿನ 365 ದಿನಗಳನ್ನು ನೋಡುತ್ತದೆ, ಎರಡನೆಯದು 7 ದಿನಗಳನ್ನು. ಇಂಥ ಅಂಕಿಗಳನ್ನು ತರಲು ಎಐ ಏಜೆಂಟ್ ಕರೆಯುವ ಪ್ರೋಗ್ರಾಂ ಅಂದರೆ ಟೂಲ್. ಅದರ ವಿವರಣೆಯಲ್ಲಿ 'ನಿರುದ್ಯೋಗದ ಡೇಟಾ ಕೊಡುತ್ತದೆ' ಎಂದಷ್ಟೇ ಇದ್ದರೆ ಏಜೆಂಟ್ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಖಚಿತವಾಗಿ ಹೇಳಿಬಿಡುತ್ತದೆ. ಸರ್ವರ್‌ನಲ್ಲಿ ಎರರ್ ಬರುವುದಿಲ್ಲವಾದ್ದರಿಂದ ತಪ್ಪಾಗಿದೆಯೆಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಟೂಲ್ ಆರಿಸುವಾಗ ಏಜೆಂಟ್‌ಗೆ ಮುಖ್ಯವಾಗಿ ಕಾಣುವುದು ಮೂರು: ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ಟೂಲ್‌ಗೆ ಕೊಡಬೇಕಾದ ಮೌಲ್ಯಗಳ) ಸ್ಕೀಮಾ, ಅಂದರೆ ಅವು ಯಾವ ರೂಪದಲ್ಲಿರಬೇಕೆಂಬ ನಿಯಮಪಟ್ಟಿ. ಏಜೆಂಟ್‌ಗಳಿಗೆ ಟೂಲ್ ಜೋಡಿಸುವ ಎಂಸಿಪಿ ಎಂಬ ಮಾನದಂಡದ ಸರ್ವರ್ ಆದರೂ ಅಷ್ಟೇ. ಇಲಾಖೆಯ ಪಿಡಿಎಫ್ ಕೈಪಿಡಿಯಲ್ಲಿ ಏನಿದ್ದರೂ ಅದರ ಪಾಲಿಗೆ ಇಲ್ಲದಂತೆಯೇ. ಹಾಗಾಗಿ ಅಂಕಿ ಏನು ಎಂಬುದಕ್ಕಿಂತ ಏನು ಅಲ್ಲ ಎಂಬುದನ್ನು ಹೇಳುವುದೇ ಮುಖ್ಯ. ಗ್ರಾಹಕ ಬೆಲೆ ಸೂಚ್ಯಂಕದ ಹಳೆಯ ಸರಣಿಗೆ (2012ರ ಬೆಲೆಗಳನ್ನು 100 ಎಂದಿಟ್ಟುಕೊಂಡು ಲೆಕ್ಕ ಹಾಕಿದ್ದು) ಹೀಗೆ ಬರೆಯಬಹುದು:

'ಗ್ರಾಹಕ ಬೆಲೆ ಸೂಚ್ಯಂಕದ (2012=100) ಮಾಸಿಕ ಅಂಕಿ ಕೊಡುತ್ತದೆ. ಅಖಿಲ ಭಾರತ ಮತ್ತು ರಾಜ್ಯ ಮಟ್ಟ ಮಾತ್ರ. ಜಿಲ್ಲೆ, ಊರುಗಳ ಅಂಕಿ ಇಲ್ಲ. ವಲಯ ಗ್ರಾಮೀಣ, ನಗರ ಅಥವಾ ಸಂಯೋಜಿತ. ಬಳಕೆದಾರರು ಹೇಳದಿದ್ದರೆ ಸಂಯೋಜಿತ. ಗ್ರಾಮೀಣ ವಲಯಕ್ಕೆ ವಸತಿ ಸೂಚ್ಯಂಕ ಇಲ್ಲ. ಸಿಗುವುದು ಸೂಚ್ಯಂಕ, ಶೇಕಡಾವಾರು ಅಲ್ಲ. ಹಣದುಬ್ಬರ ಕೇಳಿದರೆ ಹಿಂದಿನ ವರ್ಷದ ಅದೇ ತಿಂಗಳ ಅಂಕಿಯನ್ನೂ ತಂದು ಲೆಕ್ಕ ಹಾಕು. 2024=100 ಸರಣಿಯ ಅಂಕಿಗಳೊಂದಿಗೆ ನೇರವಾಗಿ ಹೋಲಿಸಬೇಡ. ಕೋಡ್‌ಗಳನ್ನು ಮೊದಲು ಕೋಡ್ ಪಟ್ಟಿಯ ಟೂಲ್‌ನಿಂದ ತೆಗೆದುಕೋ.'

ಇದರಲ್ಲಿ ಒಂದು ವಾಕ್ಯ ತೆಗೆದರೂ ಒಂದು ಬಗೆಯ ತಪ್ಪಿಗೆ ಬಾಗಿಲು ತೆರೆಯುತ್ತದೆ. ಸೂಚ್ಯಂಕ 190 ಇದ್ದಾಗ 'ಬೆಲೆ ಶೇ 90 ಏರಿದೆ' ಎಂದು ಈ ವರ್ಷದ ಹಣದುಬ್ಬರದಂತೆ ಹೇಳುವುದು ಎಲ್ಲಕ್ಕಿಂತ ಸಾಮಾನ್ಯ. ಇನ್ನೂ ನವಿರಾದ ತಪ್ಪು 'ಆಹಾರ ಹಣದುಬ್ಬರ'ದ್ದು. ಪತ್ರಿಕೆಗಳು ಆ ಹೆಸರಿನಲ್ಲಿ ಬರೆಯುವುದು ಗ್ರಾಹಕ ಆಹಾರ ಬೆಲೆ ಸೂಚ್ಯಂಕದ ಅಂಕಿ. ಈ ಸರಣಿಯಲ್ಲಿ ಅದರ ತೂಕ, ಅಂದರೆ ಒಟ್ಟು 100ರಲ್ಲಿ ಅದರ ಪಾಲು, 39.06. 'ಆಹಾರ ಮತ್ತು ಪಾನೀಯ' ಗುಂಪಿನ ತೂಕ 45.86, ಪಾನೀಯ, ಸಿದ್ಧಪಡಿಸಿದ ಊಟ-ತಿಂಡಿ ಸೇರುವುದು ಇದರಲ್ಲಿ ಮಾತ್ರ. ಯಾವ ಮಾತಿಗೆ ಯಾವ ಕೋಡ್ ಎಂದು ಪ್ಯಾರಾಮೀಟರ್‌ನ ವಿವರಣೆಯಲ್ಲೇ ಬರೆದುಬಿಡಿ.

ಪ್ಯಾರಾಮೀಟರ್‌ಗಳಲ್ಲಿ ಹೆಚ್ಚು ಕಾಡುವುದು 'ವರ್ಷ'. ಬೆಲೆ ಸೂಚ್ಯಂಕಕ್ಕೆ ಅದು ಜನವರಿ–ಡಿಸೆಂಬರ್, ಜಿಡಿಪಿಗೆ ಏಪ್ರಿಲ್–ಮಾರ್ಚ್, ಪಿಎಲ್‌ಎಫ್‌ಎಸ್‌ನ 2023-24ರವರೆಗಿನ ವಾರ್ಷಿಕ ವರದಿಗಳಿಗೆ ಜುಲೈ–ಜೂನ್. ಮೂರೂ ಟೂಲ್‌ಗಳಲ್ಲಿ ಒಂದೇ ಹೆಸರಿಟ್ಟು ಸುಮ್ಮನಾಗಬೇಡಿ. 'ಹಣಕಾಸು ವರ್ಷ, ಏಪ್ರಿಲ್–ಮಾರ್ಚ್, 2023-24 ಎಂಬ ರೂಪದಲ್ಲಿ' ಎಂದು ಬರೆದು, ಆ ರೂಪಕ್ಕೆ ಹೊಂದದ ಮೌಲ್ಯವನ್ನು ಸ್ಕೀಮಾ ತಿರಸ್ಕರಿಸುವಂತೆ ಮಾಡಿ.

ರಾಜ್ಯಕ್ಕೆ ಬರೀ ಸಂಖ್ಯೆ ಕೇಳಬೇಡಿ. ಜನಗಣತಿ ಕೋಡ್‌ನಲ್ಲಿ ಕರ್ನಾಟಕ 29. ಟೂಲ್‌ನ ಹಿಂದಿರುವ ನಿಮ್ಮ ಡೇಟಾ ಸೇವೆಯ (ಎಪಿಐ) ಕ್ರಮಸಂಖ್ಯೆ ಬೇರೆ ಇದ್ದರೆ ಏಜೆಂಟ್‌ನ ಒಳಗಿನ ಭಾಷಾ ಮಾದರಿ ನೆನಪಿನಿಂದ 29 ಹಾಕಿ ಇನ್ಯಾವುದೋ ರಾಜ್ಯದ ಅಂಕಿ ತರುತ್ತದೆ. ಹೆಸರನ್ನೇ ತೆಗೆದುಕೊಂಡು ಕೋಡ್ ಆಗಿಸುವ ಕೆಲಸವನ್ನು ಸರ್ವರ್‌ಗೆ ಬಿಡಿ. 2014ರ ಜೂನ್‌ಗಿಂತ ಹಿಂದೆ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ ಎಂಬಂಥ ಸಂಗತಿಗಳನ್ನು ವಿವರಣೆಯಲ್ಲಿ ತುಂಬುವ ಅಗತ್ಯವಿಲ್ಲ. ಆ ಅವಧಿ ಕೇಳಿದಾಗ ಉತ್ತರದ ಜತೆ ಟಿಪ್ಪಣಿಯಾಗಿ ಬಂದರೆ ಸಾಕು.

ಖಾಲಿ ಉತ್ತರದ ವಿಷಯದಲ್ಲಿ ಎಚ್ಚರ ಬೇಕು. 'ಗ್ರಾಮೀಣ, ವಸತಿ' ಎಂದು ಕೇಳಿದಾಗ ಖಾಲಿ ಪಟ್ಟಿ ಬಂದರೆ ಏಜೆಂಟ್ ಸೋಲೊಪ್ಪುವುದಿಲ್ಲ. ಒಂದು ಫಿಲ್ಟರ್ ಸಡಿಲಿಸಿ, ಸಂಯೋಜಿತ ಅಂಕಿ ತಂದು, ಅದನ್ನೇ ಗ್ರಾಮೀಣ ಎಂದು ಒಪ್ಪಿಸುತ್ತದೆ. 'ಈ ಸರಣಿಯಲ್ಲಿ ಗ್ರಾಮೀಣ ವಸತಿ ಸೂಚ್ಯಂಕ ತಯಾರಾಗಿಲ್ಲ. ಬದಲಿ ಅಂಕಿ ಬಳಸಬೇಡ, ಇಲ್ಲವೆಂದು ತಿಳಿಸು' ಎಂದು ಕಾರಣಸಹಿತ ವಾಕ್ಯ ಕಳಿಸಿ. ಅಂಕಿ ಇದ್ದಾಗಲೂ ಪ್ರತಿ ಉತ್ತರದಲ್ಲಿ ಘಟಕ (ಕೋಟಿ ರೂಪಾಯಿ, ಶೇಕಡಾ, ಸೂಚ್ಯಂಕ), ಮೂಲವರ್ಷ, ತಾತ್ಕಾಲಿಕವೋ ಅಂತಿಮವೋ ಎಂಬುದು ಇರಲಿ. ಜಿಡಿಪಿಯಾದರೆ ಚಾಲ್ತಿ ಬೆಲೆಯೋ ಸ್ಥಿರ ಬೆಲೆಯೋ (ಬೆಲೆ ಏರಿಕೆ ಕಳೆದದ್ದೋ) ಎಂಬುದೂ ಬೇಕು.

ಪರೀಕ್ಷೆಗೆ ಇಪ್ಪತ್ತು-ಮೂವತ್ತು ಪ್ರಶ್ನೆ ಸಾಕು, ಆದರೆ ಜನ ಕೇಳುವ ಧಾಟಿಯಲ್ಲೇ ಇರಲಿ: 'ನಮ್ಮ ಹಳ್ಳಿಗಳ ಕಡೆ ರೇಟು ಎಷ್ಟು ಏರಿದೆ?' ಉತ್ತರವಿಲ್ಲದ ಪ್ರಶ್ನೆಗಳೂ ಇರಬೇಕು. 'ತುಮಕೂರು ಜಿಲ್ಲೆಯ ಹಣದುಬ್ಬರ' ಅಂಥದ್ದು. ಏಜೆಂಟ್‌ನ ಕೊನೆಯ ಉತ್ತರವನ್ನಲ್ಲ, ಅದು ಯಾವ ಟೂಲನ್ನು ಯಾವ ಪ್ಯಾರಾಮೀಟರ್‌ಗಳೊಂದಿಗೆ ಕರೆಯಿತು ಎಂಬುದನ್ನು ನೋಡಿ. ತಪ್ಪು ಕರೆಯಿಂದಲೂ ಒಮ್ಮೊಮ್ಮೆ ಸರಿಯೆನಿಸುವ ಅಂಕಿ ಬರುತ್ತದೆ. ವಿವರಣೆ ತಿದ್ದುವಾಗ ಒಂದು ಸಲಕ್ಕೆ ಒಂದೇ ವಾಕ್ಯ ತಿದ್ದಿ, ಪ್ರತಿ ಸಲವೂ ಎಲ್ಲ ಪ್ರಶ್ನೆಗಳನ್ನು ಮತ್ತೆ ಓಡಿಸಿ. ಬೆಲೆಯ ಟೂಲ್‌ಗೆ ಸೇರಿಸಿದ ಒಂದು ಪದ ಸಗಟು ಬೆಲೆಯ ಪ್ರಶ್ನೆಗಳನ್ನೂ ಅದರ ಕಡೆಗೆ ಎಳೆದುಬಿಡಬಹುದು.