ಟೊಮ್ಯಾಟೊ ಲೋಡು ಜಾರದಂತೆ ಕಟ್ಟುವುದು ಹೇಗೆ?

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕ್ರೇಟುಗಳನ್ನು ಹೊತ್ತು ಬರುವ ಪಿಕಪ್ ವಾಹನಗಳಿಗೆ ಲೋಡು ತುಂಬುವಾಗ, ‘ಇಷ್ಟು ಭಾರ ಇದೆಯಲ್ಲ, ಇದೆಲ್ಲಿ ಜಾರುತ್ತದೆ’ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ನಂಬಿಕೆ ತಪ್ಪು. ಭಾರ ಹೆಚ್ಚಾದಷ್ಟೂ ನೆಲದೊಂದಿಗಿನ ಘರ್ಷಣೆ ಹೆಚ್ಚುತ್ತದೆ ಎಂಬುದು ನಿಜ; ಫ್ರಾನ್ಸಿನ ವಿಜ್ಞಾನಿ ಗಿಯೋಮ್ ಅಮೊಂತಾನ್ 1699ರಲ್ಲೇ ಇದನ್ನು ನಿಯಮವಾಗಿ ಹೇಳಿದ್ದರು. ಆದರೆ ಬ್ರೇಕ್ ಹಾಕಿದಾಗ ಲೋಡನ್ನು ಮುಂದಕ್ಕೆ ಒಯ್ಯುವ ಜಡತ್ವವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಭಾರದಿಂದ ಸಿಗುವ ಲಾಭ ಅಲ್ಲಿಗೇ ಸರಿಹೋಗುತ್ತದೆ. ಲೋಡು ನಿಲ್ಲುವುದೋ ಜಾರುವುದೋ ಎಂಬುದನ್ನು ತೀರ್ಮಾನಿಸುವುದು ಕ್ರೇಟಿಗೂ ವಾಹನದ ನೆಲಕ್ಕೂ ನಡುವಿನ ಹಿಡಿತ, ಅಂದರೆ ಘರ್ಷಣಾಂಕ.

ಅದನ್ನು ಮನೆಯಲ್ಲೇ ಅಳೆಯಬಹುದು. ಒಂದು ಗಟ್ಟಿ ಹಲಗೆಯ ಮೇಲೆ ವಾಹನದ ನೆಲದಂಥದೇ ಕಬ್ಬಿಣದ ತಗಡನ್ನು ಬಿಗಿಯಾಗಿ ಕೂರಿಸಿ, ಅದರ ಮೇಲೆ ಕ್ರೇಟನ್ನು ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಕ್ರೇಟು ಜಾರಲು ತೊಡಗಿದ ಕ್ಷಣದಲ್ಲೇ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನು, ನೆಲದಲ್ಲಿರುವ ತುದಿಯಿಂದ ಎತ್ತಿದ ತುದಿಯ ನೇರ ಕೆಳಗಿನವರೆಗಿನ ಅಡ್ಡ ಅಂತರದಿಂದ ಭಾಗಿಸಿ. ಅಡ್ಡ ಅಂತರ 120 ಸೆಂ.ಮೀ., ಎತ್ತರ 36 ಸೆಂ.ಮೀ. ಇದ್ದರೆ ಘರ್ಷಣಾಂಕ 0.3. ಖಾಲಿ ಕ್ರೇಟನ್ನೂ, 15 ಕೆ.ಜಿ. ಹಣ್ಣು ತುಂಬಿದ ಕ್ರೇಟನ್ನೂ ಒಂದರ ನಂತರ ಒಂದು ಇಟ್ಟು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಜಾರುತ್ತವೆ. ಭಾರವನ್ನು ನಂಬುವವರ ಎದುರಿಗೆ ಈ ಪರೀಕ್ಷೆಯನ್ನು ಮಾಡಿ ತೋರಿಸಬೇಕು, ಬಾಯಿಮಾತಿಗಿಂತ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ತಗಡಿಗೆ ನೀರು ಚಿಮುಕಿಸಿ ಇನ್ನೊಮ್ಮೆ ಅಳೆಯುವುದನ್ನು ಮರೆಯಬೇಡಿ, ಏಕೆಂದರೆ ಬೆಳಗಿನ ಜಾವದಲ್ಲಿ ಇಬ್ಬನಿಯಿಂದ, ಒಡೆದ ಹಣ್ಣಿನ ರಸದಿಂದ ವಾಹನದ ನೆಲ ಒದ್ದೆಯಾಗಿಯೇ ಇರುತ್ತದೆ.

ಈಗ ಆ 0.3ನ್ನು ರಸ್ತೆಗೆ ಹಚ್ಚಿ ನೋಡೋಣ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರುಗಳ ಹಿಡಿತ ಸುಮಾರು 0.8ರವರೆಗೆ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ವಾಹನ ಸುಮಾರು 18 ಮೀಟರಿನಲ್ಲಿ ನಿಂತುಬಿಡಬಹುದು. ಆದರೆ ಬರೀ ತಗಡಿನ ಹಿಡಿತವನ್ನೇ ನೆಚ್ಚಿದ ಕ್ರೇಟಿಗೆ ನಿಲ್ಲಲು ಸುಮಾರು 47 ಮೀಟರ್ ಬೇಕು. ಅಷ್ಟು ಜಾಗ ಅದಕ್ಕೆ ಎಲ್ಲಿದೆ? ಒಮ್ಮೆ ಜಾರಲು ತೊಡಗಿದ ವಸ್ತುವಿನ ಘರ್ಷಣೆ ನಿಂತ ವಸ್ತುವಿನದಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುವುದರಿಂದ, ಜಾರಿದ ಲೋಡು ಚಾಲಕನ ಬೆನ್ನಹಿಂದಿನ ತಡೆಗೆ ಬಡಿದ ಮೇಲೆಯೇ ನಿಲ್ಲುವುದು.

ಹೀಗಾಗಿ ಮೊದಲ ಸಾಲಿನ ಕ್ರೇಟುಗಳನ್ನು ಆ ತಡೆಗೆ ಒತ್ತಿಕೊಂಡಂತೆ ಜೋಡಿಸಬೇಕು. ನಡುವೆ ಜಾಗ ಉಳಿದರೆ ಖಾಲಿ ಕ್ರೇಟುಗಳಿಂದ ತುಂಬಬೇಕು. ಒಂದರ ಬಾಯಿಯಲ್ಲಿ ಇನ್ನೊಂದರ ಬುಡ ಕಚ್ಚಿಕೊಳ್ಳಬೇಕಾದರೆ ಹಣ್ಣು ಅಂಚಿಗಿಂತ ತುಸು ಕೆಳಗೇ ಇರಬೇಕು. ಗೋಪುರದಂತೆ ತುಂಬಿದ ಕ್ರೇಟಿನಲ್ಲಿ ಹಣ್ಣೂ ನಜ್ಜಾಗುತ್ತದೆ, ಮೇಲಿನ ಕ್ರೇಟಿಗೂ ನೆಲೆ ಸಿಗುವುದಿಲ್ಲ.

ಹಗ್ಗದ ಕೆಲಸವನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ತಿಳಿಯುತ್ತೇವೆ. ಲೋಡಿನ ಮೇಲಿಂದ ಅಡ್ಡಲಾಗಿ ಹಾಯಿಸಿದ ಹಗ್ಗ ಅದನ್ನು ಹಿಂದಕ್ಕೆ ಎಳೆದು ಹಿಡಿಯುವುದಿಲ್ಲ, ಕೆಳಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಕ್ರೇಟಿನ ತೂಕವೂ ಸೇರಿ 1,000 ಕೆ.ಜಿ. ಲೋಡು ಎಂದು ಇಟ್ಟುಕೊಳ್ಳಿ. ಜೋರು ಬ್ರೇಕಿಗೆ ಬೇಕಾದ ತಡೆ 800 ಕೆ.ಜಿ. ಭಾರದಷ್ಟು; ತಗಡಿನಿಂದ ಸಿಗುವುದು 300; ಕೊರತೆ 500. ಹಗ್ಗದ ಎರಡೂ ಬದಿಗೆ ನೂರು ನೂರು ಕೆ.ಜಿ. ಬಿಗಿ ಬಂದರೂ ಒತ್ತಡ 200, ಅದರಿಂದ ಹುಟ್ಟುವ ಘರ್ಷಣೆ ಬರೀ 60. ಒಂಬತ್ತು ಹಗ್ಗ ಬೇಕಾಯಿತು! ಅದರ ಬದಲು ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ಅದೇ ಹಲಗೆಯ ಮೇಲೆ ಅಳೆದಾಗ 0.6 ಬಂದರೆ, ಮ್ಯಾಟಿನಿಂದಲೇ 600 ಸಿಗುತ್ತದೆ, ಉಳಿದ 200ಕ್ಕೆ ಅಷ್ಟೇ ಬಿಗಿಯ ಎರಡು ಹಗ್ಗ ಸಾಕು. ಹಗ್ಗಕ್ಕೆ ಖರ್ಚು ಮಾಡುವ ಮೊದಲು ಮ್ಯಾಟಿಗೆ ಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹಗ್ಗವೂ ಆದಷ್ಟು ನೆಟ್ಟಗೆ ಕೆಳಗಿಳಿಯಬೇಕು. ಅಡ್ಡಕ್ಕೆ ವಾಲಿ ನೆಲದೊಂದಿಗೆ 30 ಡಿಗ್ರಿ ಕೋನವಷ್ಟೇ ಉಳಿದರೆ ಅದರ ಒತ್ತಡ ಅರ್ಧಕ್ಕೆ ಇಳಿಯುತ್ತದೆ.

ತಿರುವಿನಲ್ಲಿ ವೇಗ ಮುಖ್ಯ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ ಬೇಕಾದ ಹಿಡಿತ ಸುಮಾರು 0.25, ಬರೀ ತಗಡೂ ತಡೆದುಕೊಳ್ಳುತ್ತದೆ; 50 ಕಿ.ಮೀ. ಆದರೆ ಅದು 0.39ಕ್ಕೆ ಏರಿ ಲೋಡು ಪಕ್ಕಕ್ಕೆ ಸರಿಯುತ್ತದೆ.

ರಸ್ತೆಯ ಹಂಪುಗಳ ಮೇಲೆ ವಾಹನ ಕುಪ್ಪಳಿಸಿದಾಗ ಕ್ರೇಟುಗಳು ನೆಲವನ್ನು ಒತ್ತುವ ಬಲ ಒಂದು ಕ್ಷಣ ತೀರಾ ಕಡಿಮೆಯಾಗುತ್ತದೆ, ಆಗ ಅವು ಒಂದೊಂದು ಬೆರಳಿನಷ್ಟು ಸರಿಯುತ್ತಾ ಹೋಗುತ್ತವೆ. ಹೊರಡುವ ಮೊದಲು ಕೊನೆಯ ಸಾಲಿನ ಬುಡಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದಿಡಿ. ಹಳ್ಳಿಯ ರಸ್ತೆ ಮುಗಿದು ಹೆದ್ದಾರಿಗೆ ಸೇರುವಲ್ಲಿ ವಾಹನವನ್ನು ಪಕ್ಕಕ್ಕೆ ನಿಲ್ಲಿಸಿ ಗೆರೆಯನ್ನು ನೋಡಿ, ಕ್ರೇಟು ಅದರಿಂದ ಆಚೀಚೆ ಸರಿದಿದ್ದರೆ ಹಗ್ಗ ಬಿಚ್ಚಿ, ಸಾಲನ್ನು ಮತ್ತೆ ಮುಂದಕ್ಕೆ ಒತ್ತಿ, ಹೊಸದಾಗಿ ಬಿಗಿಯಿರಿ.